ಪಂಚಮದ ಒಂದು ಶ್ರುತಿ: ಸಂಗೀತಗ್ರಂಥಗಳ ಪಾಠನಿರ್ಣಯದಲ್ಲಿ ಸಹಜ ಸ್ವರಕ್ರಮ ಮತ್ತು ಸಮಭಾಗ ಸ್ವರಕ್ರಮ

ನಮ್ಮ ಮಠ-ಬಸದಿಗಳ ಗ್ರಂಥಭಂಡಾರಗಳಲ್ಲಿ ಆಗಮ, ಪುರಾಣ, ನ್ಯಾಯ, ವ್ಯಾಕರಣಗಳ ಓಲೆಕಟ್ಟುಗಳಿಗೆ ದೊರೆತ ಆದರವು ಗಾಂಧರ್ವಶಾಸ್ತ್ರದ ಕಟ್ಟುಗಳಿಗೆ ದೊರೆತಿಲ್ಲ. ಸೂಚೀಪತ್ರಗಳಲ್ಲಿ ‘ಸಂಗೀತವಿಷಯ, ಅಸಮಗ್ರ’ ಎಂಬಷ್ಟರಲ್ಲಿ ಅವುಗಳ ಪರಿಚಯ ಮುಗಿದುಹೋಗುವುದುಂಟು. ಇದಕ್ಕೆ ಅನಾದರವೊಂದೇ ಕಾರಣವಲ್ಲ. ಸ್ವರಪ್ರಕರಣವನ್ನು ಸಂಪಾದಿಸಲು ಹೊರಟವನಿಗೆ ವ್ಯಾಕರಣ, ಛಂದಸ್ಸುಗಳ ಬಲವಷ್ಟೇ ಸಾಲದು. ಅಲ್ಲಿ ಬರುವ ಸಂಖ್ಯೆಗಳು ನಾದವನ್ನು ಕುರಿತವು. ಅವುಗಳ ಸರಿತಪ್ಪುಗಳನ್ನು ಗುರುತಿಸಬೇಕಾದ ಕಿವಿಯಾದರೋ ಗ್ರಂಥಕಾರನ ಕಾಲದ್ದಲ್ಲ, ನಮ್ಮ ಕಾಲದ್ದು. ಈ ಅಂತರದಿಂದ ಪಾಠನಿರ್ಣಯದಲ್ಲಿ ಎಂತಹ ಎಡರು ಒದಗುವುದೆಂಬುದನ್ನು ಒಂದೇ ಸಂಖ್ಯೆಯನ್ನು ಹಿಡಿದು ಇಲ್ಲಿ ವಿಚಾರಿಸಲಾಗಿದೆ.

ಆ ಸಂಖ್ಯೆಯು ಪಂಚಮಸ್ವರದ್ದು. ಭರತನ ನಾಟ್ಯಶಾಸ್ತ್ರದ ಮತದಂತೆ ಒಂದು ಸ್ಥಾಯಿಯಲ್ಲಿ ಶ್ರುತಿಗಳು ೨೨. ಷಡ್ಜಗ್ರಾಮದಲ್ಲಿ ಷಡ್ಜಕ್ಕೆ ೪, ಋಷಭಕ್ಕೆ ೩, ಗಾಂಧಾರಕ್ಕೆ ೨, ಮಧ್ಯಮಕ್ಕೆ ೪, ಪಂಚಮಕ್ಕೆ ೪, ಧೈವತಕ್ಕೆ ೩, ನಿಷಾದಕ್ಕೆ ೨. ಸ್ವರವು ತನ್ನ ಪಾಲಿನ ಕಡೆಯ ಶ್ರುತಿಯಲ್ಲಿ ನೆಲೆಸುವುದರಿಂದ ಅವುಗಳ ಸ್ಥಾನಗಳು ಕ್ರಮವಾಗಿ ೪, ೭, ೯, ೧೩, ೧೭, ೨೦, ೨೨ ಆಗುತ್ತವೆ. ಮಧ್ಯಮಗ್ರಾಮದಲ್ಲಿ ಪಂಚಮವೊಂದು ಮಾತ್ರ ಒಂದು ಶ್ರುತಿಯಷ್ಟು ಇಳಿದು ೧೬ನೆಯದರಲ್ಲಿ ನಿಲ್ಲುತ್ತದೆ. ಎರಡು ಗ್ರಾಮಗಳ ಭೇದವೆಲ್ಲ ಈ ಒಂದು ಶ್ರುತಿಯಲ್ಲಿದೆ. ಹಾರ್ಮೋನಿಯಮ್ಮಿನ ಮನೆಗಳ ಮೇಲೆ ಸ್ವರವನ್ನು ಕಲಿತ ಸಂಪಾದಕನ ಮುಂದೆ ಇಂತಹ ಒಂದು ಓಲೆಯನ್ನು ಇಟ್ಟರೆ ಅವನಿಗೆ ಒದಗುವ ಮೊದಲ ಊಹೆ, ೧೭ ಎಂದಿರಬೇಕಾದಲ್ಲಿ ಲಿಪಿಕಾರನು ೧೬ ಎಂದು ಬರೆದಿದ್ದಾನೆ ಎಂಬುದು. ಪಂಚಮವು ಅಚಲವೆಂದು ಅವನ ಕಿವಿಗೆ ರೂಢಿಯಾಗಿದೆ. ಇಳಿದ ಪಂಚಮಕ್ಕೆ ಆ ವಾದ್ಯದಲ್ಲಿ ಮನೆಯೇ ಇಲ್ಲ. ಇನ್ನೊಂದು ಬಗೆಯ ಸಂಪಾದಕನು ಮೂಲವನ್ನು ತಿದ್ದುವುದಿಲ್ಲ. ಆದರೆ ೧೬ನೆಯ ಶ್ರುತಿಯ ಎದುರಿಗೆ ೪೦/೨೭ ಎಂಬ ಭಿನ್ನರಾಶಿಯನ್ನು ಬರೆದು, ಯಾವ ಶತಮಾನದ ಗ್ರಂಥಕ್ಕಾದರೂ ಅದೇ ಸಲ್ಲುತ್ತದೆಂದು ನಂಬುತ್ತಾನೆ. ಮೊದಲನೆಯವನ ತಪ್ಪು ಸಮಭಾಗ ಸ್ವರಕ್ರಮದಿಂದ ಬಂದದ್ದು. ಎರಡನೆಯವನದು ಸಹಜ ಸ್ವರಕ್ರಮವನ್ನು ಎಲ್ಲೆಡೆಗೂ ಹಬ್ಬಿಸಿದ್ದರಿಂದ ಬಂದದ್ದು.

ಈ ಎರಡು ಕ್ರಮಗಳ ಸ್ವರೂಪವನ್ನು ಪಂಡಿತರಿಗೆ ಪರಿಚಿತವಾದ ಗಣಿತಪರಿಭಾಷೆಯಲ್ಲಿಯೇ ಹೇಳಬಹುದಾಗಿದೆ. ಬಿಗಿದ ತಂತಿಯನ್ನು ಅರ್ಧಕ್ಕೆ ಒತ್ತಿದರೆ ತಾರಷಡ್ಜ, ಮೂರರಲ್ಲಿ ಎರಡು ಪಾಲು ಉಳಿಸಿದರೆ ಪಂಚಮ, ನಾಲ್ಕರಲ್ಲಿ ಮೂರು ಉಳಿಸಿದರೆ ಮಧ್ಯಮ, ಐದರಲ್ಲಿ ನಾಲ್ಕು ಉಳಿಸಿದರೆ ಅಂತರಗಾಂಧಾರ. ಷಡ್ಜವು ಸೆಕೆಂಡಿಗೆ ೨೪೦ ಕಂಪನಗಳದ್ದಾದರೆ ಗಾಂಧಾರ ೩೦೦, ಮಧ್ಯಮ ೩೨೦, ಪಂಚಮ ೩೬೦. ಹೀಗೆ ಚಿಕ್ಕ ಪೂರ್ಣಾಂಕಗಳ ಭಿನ್ನಗಳಿಂದ ಸ್ವರಗಳನ್ನು ಪಡೆಯುವುದು ಸಹಜ ಸ್ವರಕ್ರಮ. ಇದರ ಗುಣವೆಂದರೆ ಸ್ವರವು ಆಧಾರಷಡ್ಜದೊಡನೆ ನಡುಕವಿಲ್ಲದೆ ಬೆರೆಯುವುದು. ದೋಷವೆಂದರೆ ಲೆಕ್ಕವು ಎಂದಿಗೂ ಮುಚ್ಚಿಕೊಳ್ಳದಿರುವುದು. ಪಂಚಮದಿಂದ ಪಂಚಮಕ್ಕೆ ೧೨ ಸಲ ಏರಿದರೆ ೭ ಸ್ಥಾಯಿಗಳ ಮೇಲಿನ ಷಡ್ಜಕ್ಕೆ ಬರಬೇಕೆಂದು ತೋರುತ್ತದೆ. ಆದರೆ ಮೂರರ ಹನ್ನೆರಡನೆಯ ಘಾತ ೫೩೧೪೪೧. ಎರಡರ ಹತ್ತೊಂಬತ್ತನೆಯ ಘಾತ ೫೨೪೨೮೮. ಮೊದಲನೆಯದು ಬೆಸಸಂಖ್ಯೆ, ಎರಡನೆಯದು ಸಮಸಂಖ್ಯೆ. ಇವು ಎಷ್ಟು ದೂರ ಹೋದರೂ ಕೂಡಲಾರವು.

ಈ ಉಳಿಕೆಯನ್ನು ಹನ್ನೆರಡು ಮನೆಗಳಿಗೂ ಸಮನಾಗಿ ಹಂಚಿಬಿಡುವುದು ಸಮಭಾಗ ಸ್ವರಕ್ರಮ. ಇದನ್ನು ತಿಳಿಯಲು ಧವಲಾಟೀಕೆಯ ‘ಅರ್ಧಚ್ಛೇದ’ಕ್ಕಿಂತ ಉತ್ತಮವಾದ ಸಾಧನವಿಲ್ಲ. ಒಂದು ರಾಶಿಯನ್ನು ಎಷ್ಟು ಸಲ ಅರ್ಧಿಸಬಹುದೋ ಅಷ್ಟು ಅದರ ಅರ್ಧಚ್ಛೇದ: ೮ಕ್ಕೆ ೩, ೬೪ಕ್ಕೆ ೬. ರಾಶಿಗಳನ್ನು ಗುಣಿಸಿದಾಗ ಅರ್ಧಚ್ಛೇದಗಳು ಕೂಡಿಕೊಳ್ಳುತ್ತವೆಂಬ ನಿಯಮವನ್ನೂ ವೀರಸೇನಾಚಾರ್ಯರು ಬಳಸಿದ್ದಾರೆ. ತಂತಿಯಲ್ಲಿ ಈ ಮಾತು ಅಕ್ಷರಶಃ ಸತ್ಯ. ಒಂದು ಅರ್ಧಚ್ಛೇದವೆಂದರೆ ಒಂದು ಸ್ಥಾಯಿ. ಮಂದ್ರಷಡ್ಜದಿಂದ ತಾರಷಡ್ಜಕ್ಕೆ ಎರಡು ಅರ್ಧಚ್ಛೇದ. ಸಮಭಾಗಕ್ರಮವು ಈ ಒಂದು ಅರ್ಧಚ್ಛೇದವನ್ನು ೧೨ ಸಮಪಾಲು ಮಾಡುತ್ತದೆ. ಆಗ ಮನೆಯಿಂದ ಮನೆಗೆ ಗುಣಕವು ಎರಡರ ಹನ್ನೆರಡನೆಯ ಮೂಲ, ಸುಮಾರು ೧.೦೫೯೪೬, ಇದು ಯಾವ ಭಿನ್ನರಾಶಿಯೂ ಅಲ್ಲ. ಅದನ್ನು ಮೊದಲು ಸೂಕ್ಷ್ಮವಾಗಿ ಗಣಿಸಿದವನು ಚೀನದ ರಾಜಕುಮಾರ ಝು ಝೈಯು, ಕಾಲ ೧೫೮೪. ಆಂಗ್ಲ ವಿದ್ವಾಂಸ ಅಲೆಗ್ಸಾಂಡರ್ ಎಲ್ಲಿಸ್ ೧೮೮೫ರಲ್ಲಿ ಪ್ರಚಾರಕ್ಕೆ ತಂದ ‘ಸೆಂಟ್’ ಎಂಬ ಮಾನವು ಒಂದು ಅರ್ಧಚ್ಛೇದದ ೧೨೦೦ನೆಯ ಒಂದು ಪಾಲಲ್ಲದೆ ಬೇರೆಯಲ್ಲ.

ಇಷ್ಟನ್ನು ಕಂಡು, ಮೂಡಬಿದಿರೆಯ ಸಿದ್ಧಾಂತಬಸದಿಯ ಓಲೆಗಳಲ್ಲಿ ಸಮಭಾಗ ಸ್ವರಕ್ರಮವು ಅಡಗಿದೆಯೆಂದು ಯಾರೂ ಹೇಳದಿರಲಿ. ಧವಲೆಯಲ್ಲಿ ಅರ್ಧಚ್ಛೇದವು ಜೀವರಾಶಿ, ಲೋಕಪ್ರಮಾಣಗಳ ಗಣನೆಗಾಗಿ ಬಂದದ್ದು. ಸ್ವರಕ್ಕೂ ಅದಕ್ಕೂ ಆ ಗ್ರಂಥದಲ್ಲಿ ಸಂಬಂಧವಿಲ್ಲ. ಮಹಾವೀರಾಚಾರ್ಯರು ಗಣಿತಸಾರಸಂಗ್ರಹದ ಸಂಜ್ಞಾಧಿಕಾರದಲ್ಲಿ ಗಣಿತವು ಉಪಯೋಗಕ್ಕೆ ಬರುವ ವಿದ್ಯೆಗಳನ್ನು ಎಣಿಸುವಾಗ ಗಾಂಧರ್ವವನ್ನೂ ನಾಟಕವನ್ನೂ ಹೆಸರಿಸಿದ್ದಾರೆ. ಅಮೋಘವರ್ಷ ನೃಪತುಂಗನ ಆಶ್ರಯಕಾಲದಲ್ಲಿ, ಭಿನ್ನಗಳಿಗೆ ಮೀಸಲಾದ ಕಲಾಸವರ್ಣವ್ಯವಹಾರದಂತಹ ಅಧಿಕಾರವನ್ನು ರಚಿಸಿದ ಆಚಾರ್ಯರಿಗೆ ೩/೨, ೪/೩ಗಳ ಲೆಕ್ಕ ಎಷ್ಟರದು? ಆದರೂ ತಂತಿಯನ್ನು ಭಾಗಿಸಿ ಸ್ವರವನ್ನು ಪಡೆಯುವ ಒಂದು ಉದಾಹರಣೆಯನ್ನೂ ಅವರು ಕೊಟ್ಟಿಲ್ಲ. ಗಾಂಧರ್ವದಲ್ಲಿ ಗಣಿತವೆಂದರೆ ಅವರ ಮನಸ್ಸಿನಲ್ಲಿದ್ದುದು ತಾಳ, ಪ್ರಸ್ತಾರಗಳ ಎಣಿಕೆಯೆಂದು ತೋರುತ್ತದೆ. ಸಂಸ್ಕೃತ ಸಂಗೀತಶಾಸ್ತ್ರದಲ್ಲಿ ತಂತಿಯ ಉದ್ದದಿಂದ ಸ್ವರಸ್ಥಾನವನ್ನು ಹೇಳುವ ಪದ್ಧತಿ ಅಹೋಬಲನ ಸಂಗೀತಪಾರಿಜಾತ, ಹೃದಯನಾರಾಯಣನ ಕೃತಿಗಳಂತಹ ೧೭ನೆಯ ಶತಮಾನದ ಗ್ರಂಥಗಳಲ್ಲಿ ಕಾಣಿಸಿಕೊಳ್ಳುತ್ತದೆ. ಭಿನ್ನಗಣಿತವೂ ಇತ್ತು, ಶ್ರುತಿಗಣನೆಯೂ ಇತ್ತು. ಸುಮಾರು ಎಂಟು ಶತಮಾನಗಳ ಕಾಲ ಅವು ಒಂದೇ ನಾಡಿನ ಒಂದೇ ಭಂಡಾರದ ಅಕ್ಕಪಕ್ಕದ ಕಟ್ಟುಗಳಲ್ಲಿ ಇದ್ದೂ ಪರಸ್ಪರ ಮುಟ್ಟಲಿಲ್ಲ.

ಹಾಗಾದರೆ ೨೨ ಎಂಬುದು ಏನು? ಭರತನು ಅದನ್ನು ಕಿವಿಯ ಪರೀಕ್ಷೆಯಿಂದ ಸ್ಥಾಪಿಸುತ್ತಾನೆ. ೯ ಅಥವಾ ೧೩ ಶ್ರುತಿಗಳ ಅಂತರದಲ್ಲಿರುವ ಸ್ವರಗಳು ಸಂವಾದಿಗಳು. ಷಡ್ಜಗ್ರಾಮದಲ್ಲಿ ೭ರ ಋಷಭಕ್ಕೂ ೧೭ರ ಪಂಚಮಕ್ಕೂ ೧೦ ಶ್ರುತಿಗಳ ಅಂತರವಿರುವುದರಿಂದ ಅವು ಸಂವಾದಿಗಳಲ್ಲ. ಪಂಚಮವನ್ನು ೧೬ಕ್ಕೆ ಇಳಿಸಿದರೆ ಅಂತರವು ೯ ಆಗಿ ಸಂವಾದ ಕೂಡುತ್ತದೆ. ಹೀಗೆ ಇಳಿದ ಪ್ರಮಾಣವೇ ‘ಪ್ರಮಾಣಶ್ರುತಿ’. ಇದನ್ನು ಸಹಜಕ್ರಮದ ಭಿನ್ನಗಳಿಂದ ಪರಿಶೀಲಿಸಿದರೆ ಲೆಕ್ಕ ಸೊಗಸಾಗಿ ಕೂಡುತ್ತದೆ. ನಾಲ್ಕು ಶ್ರುತಿಯ ಅಂತರಕ್ಕೆ ೯/೮, ಮೂರಕ್ಕೆ ೧೦/೯, ಎರಡಕ್ಕೆ ೧೬/೧೫ ಎಂದಿಟ್ಟು ಏಳನ್ನೂ ಗುಣಿಸಿದರೆ ಸರಿಯಾಗಿ ೨ ಬರುತ್ತದೆ. ಋಷಭ-ಪಂಚಮಗಳ ಅನುಪಾತ ೨೭/೨೦. ಪಂಚಮವನ್ನು ೮೧/೮೦ರಷ್ಟು, ಎಂದರೆ ಸುಮಾರು ೨೨ ಸೆಂಟ್ ಇಳಿಸಿದರೆ ಅದು ೪/೩ ಆಗುತ್ತದೆ. ೨೪೦ರ ಷಡ್ಜಕ್ಕೆ ೩೬೦ರ ಪಂಚಮವು ೩೫೫.೬ಕ್ಕೆ ಬರುತ್ತದೆ. ಸಮಭಾಗಕ್ರಮದಲ್ಲಿಯಾದರೋ ಷಡ್ಜ-ಮಧ್ಯಮ, ಋಷಭ-ಪಂಚಮಗಳೆರಡೂ ೫೦೦ ಸೆಂಟ್‌ಗಳೇ. ಇಳಿಸಬೇಕಾದದ್ದು ಏನೂ ಉಳಿಯುವುದಿಲ್ಲ. ಎರಡು ಗ್ರಾಮಗಳು ಒಂದಾಗಿಬಿಡುತ್ತವೆ. ಆ ಕಿವಿಯಿಂದ ಓದುವವನಿಗೆ ಮೂಲದ ಒಂದು ಇಡೀ ಪ್ರಕರಣವು ನಿರರ್ಥಕವಾಗಿ ತೋರುವುದು ಆಶ್ಚರ್ಯವಲ್ಲ. ೧೬ನ್ನು ೧೭ ಎಂದು ತಿದ್ದುವವನು ಮಧ್ಯಮಗ್ರಾಮವನ್ನೇ ಗ್ರಂಥದಿಂದ ಅಳಿಸಿದಂತಾಗುತ್ತದೆ.

ಇಲ್ಲಿಗೆ ಸಹಜಕ್ರಮದವರ ಪಕ್ಷವೇ ಗೆದ್ದಿತೆಂದು ತೋರಬಹುದು. ೧೯೧೦ರಲ್ಲಿ ಕೃಷ್ಣಾಜಿ ಬಲ್ಲಾಳ ದೇವಲರು ೨೨ ಶ್ರುತಿಗಳಿಗೆ ಭಿನ್ನಗಳನ್ನು ನಿಗದಿಮಾಡಿ ಪುಸ್ತಕವನ್ನು ಪ್ರಕಟಿಸಿದರು. ಅವರ ಪ್ರಯೋಗಗಳಲ್ಲಿ ಹಾಡಿ ನೆರವಾದವರು ಅಬ್ದುಲ್ ಕರೀಮ್ ಖಾನರು. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. ಸಿವಿಲ್ ಅಧಿಕಾರಿಯಾಗಿದ್ದ ಕ್ಲೆಮೆಂಟ್ಸ್ ಅದೇ ಹಾದಿಯಲ್ಲಿ ನಡೆದು ಶ್ರುತಿಹಾರ್ಮೋನಿಯಮ್ಮಿಗಾಗಿ ದುಡಿದರು. ಆ ವಾದ್ಯವು ೧೯೧೬ರ ಬರೋಡಾ ಸಂಗೀತ ಪರಿಷತ್ತಿನಲ್ಲಿ ವಿದ್ವಾಂಸರ ಒಪ್ಪಿಗೆಯನ್ನು ಪಡೆಯಲಿಲ್ಲ. ಅವರ ಪರಿಶ್ರಮ ಗೌರವಾರ್ಹವಾದುದೇ. ಆದರೆ ಭರತನು ಎರಡು ವೀಣೆಗಳನ್ನಿಟ್ಟು ಮಾಡುವ ನಾಲ್ಕು ಸಾರಣೆಗಳನ್ನು ಈ ಭಿನ್ನಗಳಿಂದ ನಡೆಸಿನೋಡಿದರೆ, ಮೊದಲ ಸಾರಣೆಯಲ್ಲಿ ತಂತಿಯನ್ನು ೨೨ ಸೆಂಟ್, ಎರಡನೆಯದರಲ್ಲಿ ೯೦, ಮೂರನೆಯದರಲ್ಲಿ ೭೦, ನಾಲ್ಕನೆಯದರಲ್ಲಿ ಮತ್ತೆ ೨೨ ಇಳಿಸಬೇಕಾಗುತ್ತದೆ. ನಾಲ್ಕನ್ನೂ ಮೂಲವು ಒಂದೊಂದು ‘ಶ್ರುತಿ’ಯೆಂದೇ ಎಣಿಸುತ್ತದೆ. ಶ್ರುತಿಗಳೆಲ್ಲ ಸಮವೆಂದು ಹಿಡಿದರೆ ಒಂದೊಂದೂ ೫೪.೫ ಸೆಂಟ್ ಆಗಿ, ೧೩ ಶ್ರುತಿಯ ಪಂಚಮವು ೭೦೯ಕ್ಕೆ ಏರುತ್ತದೆ, ಸಹಜಪಂಚಮವು ೭೦೨. ಸಂವಾದವು ಕೆಡುತ್ತದೆ. ಎಂದ ಮೇಲೆ ಶ್ರುತಿಯು ಸಮವೆಂದರೂ ಎಡರು, ವಿಷಮವೆಂದು ನಿಗದಿಮಾಡಿದರೂ ಎಡರು. ಭರತನ ಗಣನೆಯು ಸಂವಾದಗಳನ್ನು ಕಾಪಾಡುವ ಎಣಿಕೆ; ಅಂಗುಲ, ಯವಗಳಂತೆ ಅಳೆಯುವ ಕೋಲಲ್ಲ.

ಇಂತಹ ಸ್ಥಳದಲ್ಲಿ ಅನೇಕಾಂತವನ್ನು ಕರೆತಂದು ‘ಎರಡೂ ಸರಿ’ ಎಂದು ಮುಗಿಸುವವರುಂಟು. ಯಾವ ಅಪೇಕ್ಷೆಯಿಂದ ಸರಿಯೆಂದು ಹೇಳದಿದ್ದರೆ ಅದು ಸ್ಯಾದ್ವಾದವಾಗುವುದಿಲ್ಲ, ಆಲಸ್ಯವಾಗುತ್ತದೆ. ಇಲ್ಲಿ ಅಪೇಕ್ಷೆಯನ್ನು ನಿರ್ಣಯಿಸುವುದು ಕಾಲ ಮತ್ತು ವಾದ್ಯ. ಇದಕ್ಕೆ ಪ್ರಬಲವಾದ ಸಾಕ್ಷ್ಯವು ವಿಜಯನಗರದ ಕಾಲದ ರಾಮಾಮಾತ್ಯನ ಸ್ವರಮೇಳಕಲಾನಿಧಿಯಲ್ಲಿದೆ. ಅದರ ಕಾಲ ಕ್ರಿ.ಶ. ೧೫೫೦.

ರಾಮಾಮಾತ್ಯನು ಹಳೆಯ ಎಣಿಕೆಯನ್ನು ಬಿಡಲಿಲ್ಲ. ಆದರೆ ಅವನ ಮುಂದಿದ್ದುದು ಭರತನ ಕಾಲದ, ಸ್ವರಕ್ಕೊಂದು ತಂತಿಯ ವೀಣೆಯಲ್ಲ, ಮೆಟ್ಟಿಲುಗಳುಳ್ಳ ವೀಣೆ. ಅದರ ಮೇಲೆ ನಾಲ್ಕು ತಂತಿಗಳು ಷಡ್ಜ, ಪಂಚಮ, ಷಡ್ಜ, ಮಧ್ಯಮಗಳಿಗೆ ಸೇರಿರುತ್ತವೆ. ಒಂದೇ ಮೆಟ್ಟಿಲು ನಾಲ್ಕಕ್ಕೂ ಸಲ್ಲಬೇಕು. ಮೊದಲ ಮೆಟ್ಟಿಲು ಷಡ್ಜದ ತಂತಿಯಲ್ಲಿ ಶುದ್ಧ ಋಷಭವನ್ನೂ ಮಧ್ಯಮದ ತಂತಿಯಲ್ಲಿ ‘ಚ್ಯುತಪಂಚಮಮಧ್ಯಮ’ವನ್ನೂ ಕೊಡುತ್ತದೆ. ಈ ಚ್ಯುತಪಂಚಮವು ಯಾವುದು? ೧೬ನೆಯ ಶ್ರುತಿಯಲ್ಲಿ ನಿಂತಿದ್ದ, ಮಧ್ಯಮಗ್ರಾಮದ ಆ ಇಳಿದ ಪಂಚಮವೇ. ಹೆಸರಿನಲ್ಲಿ ಪಂಚಮದ ಗುರುತು ಉಳಿದಿದೆ. ಪದವಿ ಮಾತ್ರ ಮಧ್ಯಮದ್ದು. ಎರಡನೆಯ ಮೆಟ್ಟಿಲು ಷಡ್ಜದ ತಂತಿಯಲ್ಲಿ ಶುದ್ಧ ಗಾಂಧಾರವನ್ನು, ಮಧ್ಯಮದ ತಂತಿಯಲ್ಲಿ ಪಂಚಮವನ್ನು ಕೊಡುತ್ತದೆ. ಈಗ ಶ್ರುತಿಗಳನ್ನು ಎಣಿಸೋಣ. ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ ಷಡ್ಜದ ತಂತಿಯಲ್ಲಿ ೭ರಿಂದ ೯, ಎಂದರೆ ಎರಡು ಶ್ರುತಿ. ಅದೇ ಎರಡು ಮೆಟ್ಟಿಲುಗಳ ನಡುವೆ ಮಧ್ಯಮದ ತಂತಿಯಲ್ಲಿ ೧೬ರಿಂದ ೧೭, ಎಂದರೆ ಒಂದೇ ಶ್ರುತಿ. ಒಂದೇ ದೂರ ಒಂದು ತಂತಿಯಲ್ಲಿ ಒಂದು, ಪಕ್ಕದ ತಂತಿಯಲ್ಲಿ ಎರಡು!

ಭರತನಲ್ಲಿ ಕೂದಲೆಳೆಯಷ್ಟಿದ್ದ ಪಂಚಮದ ಒಂದು ಶ್ರುತಿಯು, ೨೨ ಸೆಂಟ್‌ನಷ್ಟರಿಂದ, ರಾಮಾಮಾತ್ಯನ ವೀಣೆಯಲ್ಲಿ ಇಡೀ ಒಂದು ಮೆಟ್ಟಿಲಿನ ಅಗಲಕ್ಕೆ, ಸುಮಾರು ೧೦೦ ಸೆಂಟ್‌ಗೆ ಬೆಳೆದಿದೆ. ಸಂಖ್ಯೆ ಮಾತ್ರ ೧೬ ಆಗಿಯೇ ಉಳಿದಿದೆ. ಇದನ್ನು ರಾಮಾಮಾತ್ಯನ ಅಜ್ಞಾನವೆಂದು ಬಗೆಯುವುದು ತಪ್ಪು. ಆಧಾರಷಡ್ಜವೂ ಪಂಚಮವೂ ಎಡೆಬಿಡದೆ ಮೊಳಗುವ ಗಾನಪದ್ಧತಿಯಲ್ಲಿ ೩೫೫.೬ರ ಪಂಚಮವು ಷಡ್ಜದೊಡನೆ ಸೆಕೆಂಡಿಗೆ ಸುಮಾರು ೯ ಸಲ ನಡುಗುತ್ತದೆ, ಅದು ನಿಲ್ಲುವಂತಿಲ್ಲ. ನಿಲ್ಲಲಾರದ ಸ್ವರವು ಜಾರಿ ಕೆಳಗಿನ ಮೆಟ್ಟಿಲಿಗೆ ಹೋಗಿ ಬೇರೆ ಹೆಸರನ್ನು ಪಡೆಯಿತು. ಹಾಗೆಯೇ ಅಂತರಗಾಂಧಾರಕ್ಕೂ ಚ್ಯುತಮಧ್ಯಮಗಾಂಧಾರಕ್ಕೂ ಇದ್ದ ಒಂದು ಶ್ರುತಿಯ ಭೇದವನ್ನು ಅವನು ಪ್ರಯೋಗದಲ್ಲಿ ಕೈಬಿಟ್ಟು ಒಂದೇ ಮೆಟ್ಟಿಲಿನಿಂದ ಎರಡರ ಕೆಲಸವನ್ನೂ ಮಾಡಿಸಿಕೊಂಡನು. ಇದು ಒಂದು ಬಗೆಯ ಹೊಂದಾಣಿಕೆಯೇ ಹೌದು, ಆದರೆ ಸಮಭಾಗವಲ್ಲ. ಸ್ವಯಂಭೂಸ್ವರಗಳ ಆಧಾರದ ಮೇಲೆ, ತಂತಿಯಿಂದ ತಂತಿಗೆ ಹೋಲಿಸಿ, ಕಿವಿಯೇ ಮೆಟ್ಟಿಲನ್ನು ಕೂರಿಸುವ ಕ್ರಮವದು. ವೇಂಕಟಮಖಿಯ ಚತುರ್ದಂಡಿಪ್ರಕಾಶಿಕೆಯ ೧೨ ಸ್ವರಸ್ಥಾನಗಳನ್ನೂ ೭೨ ಮೇಳಗಳನ್ನೂ ಕಂಡು, ಇದು ಪಿಯಾನೋದ ಹನ್ನೆರಡು ಮನೆಗಳೇ ಎನ್ನುವವರಿಗೂ ಇದೇ ಉತ್ತರ. ಸ್ಥಾನಗಳ ಸಂಖ್ಯೆ ೧೨ ಎಂದ ಮಾತ್ರಕ್ಕೆ ಅವು ಸಮವೆಂದಾಗುವುದಿಲ್ಲ.

ಮೈಸೂರಿನ ವೀಣೆಯಲ್ಲಿ ಈ ಮಾತನ್ನು ಇಂದಿಗೂ ಕಣ್ಣಾರೆ ನೋಡಬಹುದು. ಅದರ ೨೪ ಮೆಟ್ಟಿಲುಗಳು ಮರದಲ್ಲಿ ಹುಗಿದವಲ್ಲ. ಮಸಿ ಬೆರೆಸಿದ ಜೇನುಮೇಣದಲ್ಲಿ ಕೂತವು. ಮೇಣ ಬಿಸಿಲಿಗೆ ಸಡಿಲಿದರೆ ಮೇಳವನ್ನು ಮತ್ತೆ ಕಟ್ಟಬೇಕು. ಕಟ್ಟುವವನು ಭಿನ್ನರಾಶಿಯ ಪಟ್ಟಿಯನ್ನು ನೋಡುವುದಿಲ್ಲ, ಸಮಭಾಗದ ಅಳತೆಪಟ್ಟಿಯನ್ನೂ ಇಡುವುದಿಲ್ಲ. ಸಾರಣೆಯ ತಂತಿಯ ನಾದವನ್ನು ಪಂಚಮದ ತಂತಿಯ ನಾದದೊಡನೆ ಸೇರಿಸಿ ಮೆಟ್ಟಿಲನ್ನು ಎಳ್ಳಷ್ಟು ಅತ್ತಿತ್ತ ಸರಿಸುತ್ತಾನೆ. ಉಳಿದ ಸೂಕ್ಷ್ಮವು ತಂತಿಯನ್ನು ಎಳೆಯುವ ಬೆರಳಿನಲ್ಲಿದೆ. ವೀಣೆ ಶೇಷಣ್ಣನವರು (೧೮೫೨–೧೯೨೬) ಪಿಯಾನೋವನ್ನೂ ಬಲ್ಲವರಾಗಿದ್ದರು. ಒಂದೇ ಅರಮನೆಯಲ್ಲಿ, ಒಬ್ಬನೇ ವಿದ್ವಾಂಸನ ಕೈಯಲ್ಲಿ, ಎರಡು ಕ್ರಮಗಳೂ ಒಂದನ್ನೊಂದು ಕೆಡಿಸದೆ ಇದ್ದವು. ಅವು ಎರಡು ವಾದ್ಯಗಳ ಎರಡು ಧರ್ಮ ಎಂಬ ಅರಿವು ಅವರಿಗಿತ್ತೆಂದೇ ಎಣಿಸಬೇಕು.

ಎಡರು ಬಂದದ್ದು ಹಾಡುವವನ ಪಕ್ಕಕ್ಕೆ ಹಾರ್ಮೋನಿಯಂ ಬಂದು ಕುಳಿತ ಮೇಲೆ. ೧೮೪೨ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯವು ಆ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯಲ್ಲಿ ಕೈತಿದಿಯ ರೂಪವನ್ನು ತಾಳಿ, ನಾಟಕಮಂಡಳಿಗಳ ಮೂಲಕ ನಮ್ಮ ಹಳ್ಳಿಹಳ್ಳಿಗೂ ಬಂದಿತು. ಅದರ ಪಂಚಮದ ಮೇಲೆ ದೋಷಾರೋಪಣೆ ಮಾಡುವಂತಿಲ್ಲ: ೩೬೦ಕ್ಕೆ ಬದಲು ೩೫೯.೬; ಷಡ್ಜದೊಡನೆ ಸೆಕೆಂಡಿಗೆ ಒಂದು ನಡುಕವೂ ಇಲ್ಲ. ಗಾಂಧಾರದಲ್ಲಿ ವಿಷಯ ಬೇರೆ. ೩೦೦ ಇರಬೇಕಾದದ್ದು ೩೦೨.೪, ಸೆಕೆಂಡಿಗೆ ಒಂಬತ್ತಕ್ಕಿಂತ ಹೆಚ್ಚು ನಡುಕ. ಚೆನ್ನಾಗಿ ಜೀವಾಳ ಕೂರಿಸಿದ ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರದ ಎದುರಿಗೆ ಆ ಮನೆಯನ್ನು ಒತ್ತಿದರೆ ಯಾರಿಗಾದರೂ ಕೇಳುತ್ತದೆ. ೧೯೪೦ರಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ನಿಷೇಧಿಸಿ, ೧೯೭೧ರ ವರೆಗೆ ಅದನ್ನು ದೂರವಿಟ್ಟಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ನಿಷೇಧವು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ವಾದ್ಯವನ್ನು ಹೊರಗಿಟ್ಟರೂ ಅದರಲ್ಲಿ ಪಳಗಿದ ಕಿವಿಯನ್ನು ಹೊರಗಿಡಲು ಬರುವುದಿಲ್ಲ. ಇಂದು ಬಸದಿಗಳ ಪೂಜಾಷ್ಟಕಗಳಿಗೂ ವಿದ್ಯುತ್ತಿನ ಕೀಲಿಮಣೆ ಶ್ರುತಿ ಹಿಡಿಯುತ್ತಿದೆ. ಪಂಡಿತರಾಗಲಿರುವ ಬಾಲಕರು ಸ್ವರವೆಂದರೆ ಅದೇ ಎಂದು ತಿಳಿದು ಬೆಳೆಯುತ್ತಾರೆ.

ಹಾಗಾದರೆ ಸಂಗೀತವನ್ನು ಕ್ರಮವಾಗಿ ಕಲಿಯದ ಸಂಪಾದಕನು ಕಿವಿಯ ಸಾಕ್ಷ್ಯವನ್ನು ಎಲ್ಲಿಂದ ಪಡೆಯಬೇಕು? ಬಹುದೂರ ಹೋಗಬೇಕಾಗಿಲ್ಲ. ದೇವಚಂದ್ರನ ಕನಕಗಿರಿ, ವಿಶಾಲಾಕ್ಷ ಪಂಡಿತನ ಯಳಂದೂರುಗಳಿಂದ ನಮಗೆ ಚಿರಪರಿಚಿತವಾದ ಸೀಮೆಯನ್ನೇ ಹಿಡಿದು ಪೂರ್ವಕ್ಕೆ ಕೊಳ್ಳೇಗಾಲ, ಹನೂರು, ಅಜ್ಜೀಪುರಗಳ ಕಡೆಗೆ ನಡೆದರೆ, ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರು ಇಂದಿಗೂ ತಂಬೂರಿಯನ್ನು ಮೀಟಿಕೊಂಡೇ ಹಾಡುತ್ತಾರೆ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಅವರನ್ನು ಕೇಳಬಹುದು. ಅವರಿಗೆ ೨೨ರ ಎಣಿಕೆ ಗೊತ್ತಿಲ್ಲ. ಹನ್ನೆರಡು ಮನೆಗಳ ಹಂಗೂ ಇಲ್ಲ. ಎದೆಗೊರಗಿದ ತಂಬೂರಿಯ ನಾದದಲ್ಲಿ ತಮ್ಮ ಸ್ವರವು ಕರಗುವ ತನಕ ಅವರು ಅದನ್ನು ಏರಿಸಿ ಇಳಿಸಿ ಹುಡುಕಿಕೊಳ್ಳುತ್ತಾರೆ. ಸಂವಾದವೆಂಬುದು ಗ್ರಂಥದ ಮಾತಾಗುವ ಮೊದಲು ಇದೇ ಆಗಿದ್ದಿರಬೇಕು. ಮತಭೇದದಿಂದ ನಮ್ಮವರು ಇಂತಹ ಹಾಡುಗಾರರ ಬಳಿಗೆ ಹೋಗುವುದು ಕಡಿಮೆ. ಶ್ರುತಿಪ್ರಕರಣವನ್ನು ಸಂಪಾದಿಸುವವರಾದರೂ ಹೋಗುವುದು ಒಳ್ಳೆಯದು.

ಇನ್ನು ಓಲೆಯ ಕಡೆಗೆ ಬರೋಣ. ಜೈನಸಾಹಿತ್ಯದಲ್ಲಿ ಸ್ವರವಿಚಾರದ ಪ್ರಾಚೀನ ನೆಲೆಯು ಸ್ಥಾನಾಂಗ, ಅನುಯೋಗದ್ವಾರಗಳ ಸ್ವರಮಂಡಲ. ದಿಗಂಬರ ಆಮ್ನಾಯವು ಅವುಗಳನ್ನು ಪ್ರಮಾಣವಾಗಿ ಗ್ರಹಿಸದಿದ್ದರೂ ಇತಿಹಾಸದ ಸಾಮಗ್ರಿಯಾಗಿ ಅವು ಅಮೂಲ್ಯವಾದವು. ಅಲ್ಲಿ ಕೊನೆಯಲ್ಲಿ ಒಟ್ಟು ಮಾಡುವುದು ೭ ಸ್ವರ, ೩ ಗ್ರಾಮ, ೨೧ ಮೂರ್ಛನೆ, ೪೯ ತಾನಗಳನ್ನು. ಆ ಮೊತ್ತದಲ್ಲಿ ಶ್ರುತಿಗೆ ಸ್ಥಾನವಿಲ್ಲ. ಭರತನ ೨೨ನ್ನು ಅದರೊಳಕ್ಕೆ ತುಂಬಿ ‘ಪೂರ್ಣಗೊಳಿಸುವ’ ವ್ಯಾಖ್ಯಾನಗಳನ್ನು ಮೂಲದಿಂದ ಬೇರ್ಪಡಿಸಿಯೇ ಅಚ್ಚುಮಾಡಬೇಕು. ಪಾರ್ಶ್ವದೇವನ ಸಂಗೀತಸಮಯಸಾರವಾದರೋ ದೇಶೀಸಂಗೀತದ ಗ್ರಂಥ. ಆಲಪ್ತಿ, ಠಾಯ, ಪ್ರಬಂಧ, ವಾದ್ಯಗಳಲ್ಲಿ ಅದರ ಜೀವವಿದೆ. ಅದು ೧೯೨೫ರಲ್ಲಿ ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಮೊದಲು ಬೆಳಕು ಕಂಡಿತು. ಭರತನಿಗೂ ರಾಮಾಮಾತ್ಯನಿಗೂ ನಡುವೆ ನಿಂತ ಇಂತಹ ಕೃತಿಯಲ್ಲಿ ಸ್ವರಸ್ಥಾನದ ಮಾತು ಬಂದೆಡೆ, ಹಿಂದಿನವನ ಭಿನ್ನಗಳನ್ನೂ ಮುಂದಿನವನ ಮೆಟ್ಟಿಲುಗಳನ್ನೂ ಅದರ ಮೇಲೆ ಹೇರಲಾಗದು. ಕೋಷ್ಟಕವನ್ನು ಕೊಡಲೇಬೇಕೆನಿಸಿದರೆ ಅದು ಅಡಿಟಿಪ್ಪಣಿಯಲ್ಲಿರಲಿ, ಯಾರ ಲೆಕ್ಕವೆಂದು ಹೆಸರಿಸಿರಲಿ.

ಅಂಕಿಗಳ ವಿಷಯದಲ್ಲಿ ಒಂದು ಅನುಕೂಲವಿದೆ. ಕನ್ನಡ ಓಲೆಗಳಲ್ಲಿ ೬, ೭, ೯ ಅಂಕಿಗಳು ಒಂದರಂತೆ ಒಂದು ಕಾಣುವುದು ಎಲ್ಲ ಓದುಗರ ಅನುಭವ. ಕಂಟದ ಮೊನೆ ತುಸು ಜಾರಿದರೆ ಸಾಕು. ಋಷಭದ ೭ ಗಾಂಧಾರದ ೯ ಆಗಬಹುದು, ಪಂಚಮದ ೧೭ ನಿಜವಾಗಿಯೂ ೧೬ ಆಗಿರಬಹುದು. ಆದರೆ ಸಂವಾದದ ನಿಯಮವೇ ಇಲ್ಲಿ ಕಾವಲುಗಾರ. ಋಷಭವು ೭ ಆದರೆ ಮಾತ್ರ ಧೈವತದ ೨೦ರೊಡನೆ ೧೩ ಕೂಡುತ್ತದೆ. ಗಾಂಧಾರವು ೯ ಆದರೆ ಮಾತ್ರ ನಿಷಾದದ ೨೨ರೊಡನೆ ಕೂಡುತ್ತದೆ. ಪಂಚಮವು ೧೭ ಆದರೆ ಷಡ್ಜದ ಸಂವಾದಿ, ೧೬ ಆದರೆ ಋಷಭದ ಸಂವಾದಿ. ಯಾವ ಗ್ರಾಮದ ಪ್ರಸ್ತಾಪವೆಂದು ನೋಡಿದರೆ ಪಾಠ ನಿರ್ಣಯವಾಗುತ್ತದೆ. ಇದಕ್ಕೆ ಸೆಂಟ್‌ಗಳೂ ಬೇಡ, ಕಂಪನಗಳೂ ಬೇಡ. ಗ್ರಂಥವು ತನ್ನ ಲೆಕ್ಕವನ್ನು ತಾನೇ ಒರೆಗೆ ಹಚ್ಚುತ್ತದೆ. ಶಬ್ದರೂಪದಲ್ಲಿ ‘ಷೋಡಶ’, ‘ಸಪ್ತದಶ’ ಎಂದಿದ್ದರೆ ಸಂಶಯಕ್ಕೆ ಎಡೆ ಇನ್ನೂ ಕಡಿಮೆ. ಓಲೆಗಳ ಛಾಯಾಪ್ರತಿಗಳು ಕಣ್ಣೆದುರಿಗೇ ದೊರೆಯುತ್ತಿರುವ ಈ ದಿನಗಳಲ್ಲಿ ಸಂಶಯದ ಅಂಕಿಯನ್ನು ಹಾಗೆಯೇ ಮುದ್ರಿಸಿ ತೋರಿಸುವುದೂ ಕಷ್ಟವಲ್ಲ.

ಪಾರ್ಶ್ವದೇವನ ಅಧಿಕಾರಾಂತ್ಯದ ಗದ್ಯಗಳಲ್ಲಿ ಅವನಿಗೆ ‘ಶ್ರುತಿಜ್ಞಾನಚಕ್ರವರ್ತಿ’ ಎಂಬ ಬಿರುದಿದೆ. ಜೊತೆಗೆ ‘ಸಮ್ಯಕ್ತ್ವಚೂಡಾಮಣಿ’ ಎಂಬುದೂ ಇದೆ. ಮತಿ, ಶ್ರುತ, ಅವಧಿಗಳನ್ನು ದಿನವೂ ಪಠಿಸುವ ಲಿಪಿಕಾರನ ಕೈಯಲ್ಲಿ ಮೊದಲನೆಯ ಬಿರುದು ‘ಶ್ರುತಜ್ಞಾನ’ವಾಗುವುದಕ್ಕೆ ಒಂದು ಗುಡಿಸು ಬಿಟ್ಟುಹೋದರೆ ಸಾಕು. ಸಂಪಾದಕನಿಗೂ ಹಾಗೆ ತಿದ್ದುವ ಆಸೆಯಾಗಬಹುದು, ಅರ್ಥವೂ ಒಪ್ಪುತ್ತದೆ. ಕವಿಯು ಎರಡನ್ನೂ ಧ್ವನಿಸಬಯಸಿದ್ದನೋ ಏನೋ. ಆದರೆ ತನ್ನನ್ನು ‘ಸಂಗೀತಾಕರ’ನೆಂದು ಕರೆದುಕೊಂಡವನ ಗ್ರಂಥದಲ್ಲಿ ಆ ಗುಡಿಸನ್ನು ಉಳಿಸಿಕೊಳ್ಳಬೇಕು, ಮಧ್ಯಮಗ್ರಾಮದ ಪಂಚಮದ ಎದುರಿಗೆ ೧೬ನ್ನು ಉಳಿಸಿಕೊಳ್ಳಬೇಕಾದ ಹಾಗೆಯೇ.